ಕಾಯಿ ಮಾತಾಡದ ಆಷಾಢ

ಎದುರುಮನೆಯವರು ಹೊಸ ಮನೆಯ ಗೃಹಪ್ರವೇಶವನ್ನು ಮುಂದಕ್ಕೆ ಹಾಕಿದ್ದಾರೆ. ಮೊನ್ನೆ ಬೆಳಿಗ್ಗೆ ನಮ್ಮ ಕಾಂಪೌಂಡಿನ ದಾಸವಾಳ ಕೇಳಲು ಬಂದ ಆ ಮನೆಯ ಹುಡುಗಿ, "ಈ ವರ್ಷ ಅಧಿಕ ಶ್ರಾವಣ ಅಂತೆ ಮಿಸ್, ಆಷಾಢ ಮುಗಿದ್ರೂ ಇನ್ನೊಂದ್ ತಿಂಗಳು ಏನೂ ಮಾಡೋ ಹಾಗಿಲ್ವಂತೆ" ಎಂದಳು. ಹೂ ಕೊಟ್ಟು ಕಳಿಸಿ ಒಳಗೆ ಬಂದು ಗೋಡೆಯ ಕ್ಯಾಲೆಂಡರ್ ತಿರುವಿದೆ. ಕೆಂಪಕ್ಷರದಲ್ಲಿ ಬರೆದಿತ್ತು, ಅಧಿಕ ಶ್ರಾವಣ ಎಂದು. ಅಧಿಕಮಾಸಗಳು ಹತ್ತೊಂಬತ್ತು ವರ್ಷಕ್ಕೊಮ್ಮೆ ಹಳೇ ಜಾಗಕ್ಕೇ ಬಂದು ಕೂರುತ್ತವೆ ಎಂದು ತುಮಕೂರಿನ ಹೈಸ್ಕೂಲಿನಲ್ಲಿ ಎಷ್ಟೋ ಸಲ ಪಾಠ ಮಾಡಿದವಳು ನಾನು. ಕಳೆದ ಸಲದ ಅಧಿಕ ಶ್ರಾವಣ ಯಾವಾಗ ಬಂದಿತ್ತು ಎಂದು ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ಎರಡು ಸಾವಿರದ ನಾಲ್ಕು.

ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಹೊಡೆಯುವ ಮೇಲಿನ ಅರೆಯಲ್ಲಿ, ಉಡದ ರೇಷ್ಮೆ ಸೀರೆಗಳ ಅಡಿಯಲ್ಲಿ, ದೊಡ್ಡ ಕವರು ಎರಡಿವೆ. ಒಂದು ತುಮಕೂರಿನ ಸ್ಕ್ಯಾನ್ ಸೆಂಟರಿನದು, ಇನ್ನೊಂದು ಬೆಂಗಳೂರಿನದು. ತುಮಕೂರಿನ ಕವರಿನ ನಾಲ್ಕು ಮೂಲೆಗೂ ಅರಿಸಿನ ಬಳಿದಿದೆ, ಮದುವೆ ಲಗ್ನಪತ್ರಿಕೆಗೆ ಬಳಿಯುತ್ತಾರಲ್ಲ ಹಾಗೆ. ಬಳಿದವಳು ನಮ್ಮಮ್ಮ. ಅಮ್ಮ ಈಗ ಇಲ್ಲ. ಅರಿಸಿನ ಇನ್ನೂ ಹಳದಿಯಾಗೇ ಇದೆ.

ಆ ವರ್ಷ ಅಮ್ಮ ಗುಬ್ಬಿಯಲ್ಲಿದ್ದಳು, ತಮ್ಮ ಮಂಜುನಾಥನ ಜೊತೆ. ಮಂಜ ದಿನಾ ಹಿರೇಹಳ್ಳಿಯ ಕಾರ್ಖಾನೆಗೆ ಶಿಫ್ಟಿಗೆ ಹೋಗಿಬರುತ್ತಿದ್ದ. ಅವನ ಹೆಂಡತಿ ಗೀತಾ ಕುಣಿಗಲ್ ಕಡೆಯವಳು, ಅಮೃತೂರಿನವಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹೆಣ್ಣುಮಗಳು. ಅವರ ಒಬ್ಬಳೇ ಮಗಳು ಸಿಂಚನ. ಆಗ ಅವಳಿಗೆ ಮೂರು ತುಂಬಿತ್ತು, ಬಾಯಿ ಮಾತ್ರ ಮೂವತ್ತರದು. ನಾನು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವವರಿಗೆ ಉತ್ತರ ಹೇಳಿ ಸಾಕಾಗಿ, ಕೇಳುವವರ ಸಹವಾಸವನ್ನೇ ಬಿಟ್ಟಿದ್ದೆ. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟೊಡನೆ ಗುಬ್ಬಿ ಬಸ್ಸು ಹತ್ತುತ್ತಿದ್ದುದು ಆ ಮಗುವಿನ ಮಾತು ಕೇಳುವುದಕ್ಕೇ.

ಗುಬ್ಬಿ ಮನೆಯ ಹಿಂದೆ ಒಂದಷ್ಟು ತೆಂಗಿನ ಮರಗಳಿದ್ದವು. ಅಮ್ಮ ಬಲಿತ ಕಾಯಿಗಳನ್ನು ಅಟ್ಟಕ್ಕೆ ಹಾಕಿ, ವರ್ಷಗಟ್ಟಲೆ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಿದ್ದಳು. ನಮ್ಮ ಕಡೆ ಅದನ್ನು ಗಿಟಕು ಅನ್ನುತ್ತಾರೆ. ಕಾಯಿಯೊಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಒಳಗೇ ಉರುಳಾಡಬೇಕು. ಒಡೆದು ನೋಡುವ ಹಾಗಿಲ್ಲ, ಒಡೆದರೆ ಕೆಟ್ಟಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೇ ತಿಳಿಯಬೇಕು. ಅಟ್ಟದಿಂದ ಕಾಯಿ ಇಳಿಸಿದ ದಿನ ಸಿಂಚನ ಅಜ್ಜಿಯ ಪಕ್ಕ ಕೂತು ತಾನೂ ಒಂದೊಂದೇ ಅಲ್ಲಾಡಿಸುವಳು. "ಅಜ್ಜಿ, ಮಾತಾಡ್ತದೆ!" ಅನ್ನುವಳು. ಅಮ್ಮ "ಏನಂತೆ?" ಅನ್ನುವಳು. ಸಿಂಚನ ಗಂಭೀರವಾಗಿ ಇನ್ನೊಂದು ಸಲ ಅಲ್ಲಾಡಿಸಿ "ನೀರಂತೆ" ಅಥವಾ "ಗಿಟಕಂತೆ" ಅನ್ನುವಳು. ನೀರಂದದ್ದು ಮತ್ತೆ ಅಟ್ಟಕ್ಕೆ, ಗಿಟಕಂದದ್ದು ಒಡೆಯುವ ರಾಶಿಗೆ. ಹೆಚ್ಚುಕಮ್ಮಿ ಸರಿಯಾಗೇ ಹೇಳುತ್ತಿದ್ದಳು.

ಶಿವರಾತ್ರಿ ಕಳೆದ ಮೇಲೆ ಅವಳಿಗೆ ಜ್ವರ ಬಂತು. ಕತ್ತು ಸೆಟೆಯಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ತುಮಕೂರಿನ ಆಸ್ಪತ್ರೆಯಲ್ಲಿ ಮಿದುಳು ಜ್ವರ ಎಂದರು. ಬದುಕುತ್ತಾಳೋ ಇಲ್ಲವೋ ಎಂಬ ದಿನಗಳು ಅವು. ಅದನ್ನು ನಾನಿಲ್ಲಿ ಬರೆಯಲಾರೆ. ಬದುಕಿದಳು. ಯುಗಾದಿಯ ಹೊತ್ತಿಗೆ ಮನೆಗೆ ಬಂದಳು. ಗೋಡೆ ಹಿಡಿದು ತೂರಾಡುತ್ತ ನಡೆಯುತ್ತಿದ್ದಳು, ಕರೆದರೆ ತಿರುಗುತ್ತಿರಲಿಲ್ಲ. ನಿಶ್ಶಕ್ತಿ ಎಂದುಕೊಂಡೆವು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಎಲ್ಲರ ಮೇಲೂ ಕೋಪ ಎಂದುಕೊಂಡೆವು. ಅವಳನ್ನು ನಗಿಸೋಣವೆಂದು ಅಮ್ಮ ಅಟ್ಟದಿಂದ ಕಾಯಿ ಇಳಿಸಿದಳು.

ಆ ಶನಿವಾರ ನಾನು ಅಲ್ಲೇ ಇದ್ದೆ. ಸಿಂಚನ ಒಂದು ಕಾಯಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಕೆಳಗಿಟ್ಟು ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಪಡಸಾಲೆಯ ಆ ತುದಿಯಲ್ಲಿದ್ದ ನನಗೇ ಒಳಗಿನ ನೀರು ಕುಲುಕುವುದು ಕೇಳುತ್ತಿತ್ತು. ಅವಳು ಕೈಯಲ್ಲಿದ್ದ ಕಾಯಿಯನ್ನು ಬಿಸಾಕಿ, ಇಡೀ ಬೀದಿಗೆ ಕೇಳುವಷ್ಟು ಜೋರಾಗಿ, "ಅಜ್ಜಿ, ಯಾವ್ ಕಾಯೂ ಮಾತಾಡಲ್ಲ!" ಎಂದು ಅಳತೊಡಗಿದಳು. ಅಮ್ಮ ನನ್ನ ಮುಖ ನೋಡಿದಳು. ನಾನು ಮಗುವಿನ ಬೆನ್ನ ಹಿಂದೆ ಹೋಗಿ ತಟ್ಟೆ ಬಡಿದೆ. ಗೀತಾ ಅಡುಗೆಮನೆಯಿಂದ ಓಡಿಬಂದಳು. ಮಗು ತಿರುಗಲಿಲ್ಲ.

ಆಮೇಲೆ ಪರೀಕ್ಷೆಗಳು ನಡೆದವು. ಎರಡೂ ಕಿವಿ ಪೂರ್ತಿ ಹೋಗಿವೆ, ಕಿವಿಗೆ ಹಾಕುವ ಮಾಮೂಲಿ ಮಿಷನ್ನಿನಿಂದ ಏನೂ ಆಗುವುದಿಲ್ಲ ಎಂದರು. ಬೆಂಗಳೂರಿನಲ್ಲಿ ಒಬ್ಬರು ಕಿವಿಯ ಸರ್ಜನ್ ಮೇಡಂ ಇದ್ದರು. ಅವರು ಕಾಗದದ ಮೇಲೆ ಬಸವನಹುಳುವಿನ ಚಿಪ್ಪಿನಂಥದ್ದೊಂದು ಬರೆದು ತೋರಿಸಿದರು. ಒಳಗಿವಿಯ ಸುರುಳಿ, ಎರಡೂವರೆ ಸುತ್ತು, ಒಳಗೆ ನೀರಿನಂಥ ದ್ರವ. ಆ ಸುರುಳಿಯೊಳಗೆ ಎಳೆಯಂಥ ತಂತಿ ತೂರಿಸಿದರೆ ಅದು ನೇರವಾಗಿ ನರಕ್ಕೆ ಸದ್ದು ಮುಟ್ಟಿಸುತ್ತದೆ. "ಆದ್ರೆ ತೂರಿಸೋಕೆ ಒಳಗೆ ಜಾಗ ಇರ್ಬೇಕು. ಮಿದುಳು ಜ್ವರ ಬಂದ ಮಕ್ಕಳಲ್ಲಿ ಈ ಸುರುಳಿ ನಿಧಾನಕ್ಕೆ ಮೂಳೆ ತುಂಬ್ಕೊಂಡು ಮುಚ್ಚಿ ಹೋಗ್ಬೋದು. ಮುಚ್ಚಿದ ಮೇಲೆ ನಾನು ಹೆಚ್ಚೇನೂ ಮಾಡೋಕಾಗಲ್ಲ. ಸಿಟಿ ಸ್ಕ್ಯಾನು, ಎಂಆರ್‌ಐ ಎರಡೂ ಬೇಗ ಮಾಡಿಸ್ಕೊಂಡು ಬನ್ನಿ. ಅದನ್ನ ನೋಡ್ದೆ ನಾನು ಕತ್ತಿ ಮುಟ್ಟಲ್ಲ" ಎಂದರು. ದುಡ್ಡು ಹೇಗೆ ಹೊಂದಿತು ಎನ್ನುವುದು ಬೇರೆ ಕತೆ, ಇಲ್ಲಿ ಬೇಡ. ಹೊಂದಿತು.

ಸಿಟಿ ಸ್ಕ್ಯಾನು ತುಮಕೂರಿನಲ್ಲೇ ಆಯಿತು, ಜ್ಯೇಷ್ಠದ ಕೊನೆಯಲ್ಲಿ. ಕೂದಲೆಳೆಯಷ್ಟು ತೆಳ್ಳಗೆ ಹಾಳೆಹಾಳೆಯಾಗಿ ಚಿತ್ರ ತೆಗೆಯಬೇಕಾದ್ದರಿಂದ ಮಗು ಒಂದಿಷ್ಟೂ ಮಿಸುಕಬಾರದು. ಮಗುವನ್ನು ಬೆಳಗಿನಿಂದ ಮಲಗಿಸದೆ, ಏನೂ ತಿನ್ನಿಸದೆ ಕರೆತಂದು, ನಿದ್ದೆ ಸಿರಪ್ಪು ಕುಡಿಸಿದರು. ಇನ್ನೇನು ಮಲಗಿದಳು ಅನ್ನುವಾಗ ಟೆಕ್ನಿಷಿಯನ್ ಅವಳ ಓಲೆ ನೋಡಿದ. ಲೋಹ ಇದ್ದರೆ ಚಿತ್ರದ ತುಂಬ ಗೆರೆ ಬೀಳುತ್ತದೆ, ನೋಡಬೇಕಾದ ಜಾಗವೇ ಕಾಣುವುದಿಲ್ಲ. ಎಡ ಓಲೆ ಬಿಚ್ಚಿಕೊಂಡಿತು. ಬಲ ಓಲೆಯ ತಿರುಪು ಬಿಗಿದು ಕೂತಿತ್ತು. ಟೆಕ್ನಿಷಿಯನ್ ಗಡಿಯಾರ ನೋಡುತ್ತಿದ್ದ, ಮಗುವಿನ ರೆಪ್ಪೆ ಅದುರುತ್ತಿತ್ತು. ಸೀರೆಯ ಸೆರಗಿನ ತುದಿಯಲ್ಲಿ ತಿರುಪು ಹಿಡಿದು ಗೀತಾ ಕೊನೆಗೂ ಅದನ್ನು ಬಿಚ್ಚಿದಳು. ಮಗು ಒಮ್ಮೆ ನರಳಿ ಮಗ್ಗುಲಾಗಿ ಹಾಗೇ ನಿದ್ದೆಹೋಯಿತು.

ಸಂಜೆ ಸ್ಕ್ಯಾನ್ ಸೆಂಟರಿನ ಡಾಕ್ಟರು ಫಿಲ್ಮುಗಳನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ತೋರಿಸಿದರು. "ಮೂಳೆ ಬೆಳ್ಳಗೆ ಕಾಣುತ್ತೆ. ಸುರುಳಿ ಒಳಗೆ ಕಪ್ಪಗಿದೆ ಅಂದ್ರೆ ಮೂಳೆ ತುಂಬಿಲ್ಲ. ಎರಡೂ ಕಡೆ ಕಪ್ಪಗೇ ಇದೆ." ಮಂಜ ಅಲ್ಲೇ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡ. ಡಾಕ್ಟರು ಅವನು ತಲೆಯೆತ್ತುವವರೆಗೂ ಕಾದು, "ಇದು ಇವತ್ತಿನ ಚಿತ್ರ. ಮೂಳೆ ಆಗೋಕ್ ಮುಂಚೆ ಒಳಗಿನ ನೀರು ಗಟ್ಟಿಯಾಗುತ್ತೆ, ಅದು ಇದ್ರಲ್ಲಿ ಕಾಣಲ್ಲ. ಎಂಆರ್‌ಐನಲ್ಲಿ ಕಾಣುತ್ತೆ. ತಡ ಮಾಡ್ಬೇಡಿ" ಎಂದರು. ಮಂಜನಿಗೆ ಮೊದಲ ಮಾತು ಕೇಳಿಸಿತ್ತು, ಎರಡನೆಯದು ಕೇಳಿಸಿರಲಿಲ್ಲ. ಸಂತೋಷವಾದಾಗ ಮನುಷ್ಯರು ಹಾಗೇ.

ಗುಬ್ಬಿಯಲ್ಲಿ ಅಮ್ಮ ಆ ಕವರಿಗೆ ಅರಿಸಿನ ಬಳಿದು ದೇವರ ಮುಂದಿಟ್ಟಳು. ಕೂಡಿಬಂದ ಜಾತಕವನ್ನು ಇಡುವ ಹಾಗೆ ಇಟ್ಟಳು. ಒಂದು ಸಲ ಒಳ್ಳೆಯದು ಅಂದಮೇಲೆ ಅದು ಒಳ್ಳೆಯದೇ, ಇನ್ನು ಕೆಡುವುದಿಲ್ಲ ಎಂಬ ಧೈರ್ಯ. ಬರಿಗಿವಿಯಲ್ಲಿ ಹೆಣ್ಣುಮಗು ಇರಬಾರದೆಂದು, ಕಿವಿಯ ತೂತು ಮುಚ್ಚಬಾರದೆಂದು, ಓಲೆಯ ಜಾಗಕ್ಕೆ ಬೇವಿನ ಕಡ್ಡಿ ಚುಚ್ಚಿದಳು. ಆಮೇಲೆ ಪಂಚಾಂಗ ತೆಗೆದಳು.

"ನಾಳಿದ್ದಿಂದ ಆಷಾಢ ಕಣ್ಲಾ ಮಂಜ. ಅದರ ಬೆನ್ನಿಗೇ ಅಧಿಕಮಾಸ ಬಂದು ಕೂತೈತೆ. ನಿಜ ಶ್ರಾವಣದಾಗೆ ಹಬ್ಬ ಮುಗುಸ್ಕಂಡು ಮಾಡ್ಸಾನಾ ಬುಡು. ಸ್ಕ್ಯಾನ್ನಾಗೆ ಎಲ್ಲಾ ಸರಿಯಾಗೈತೆ ಅಂದವ್ರಲ್ಲ."

ನಾನು ಸಿಟ್ಟಿನವಳು, ಮುಚ್ಚಿಟ್ಟು ಫಲವಿಲ್ಲ. "ಮೂಳೆಗೆ ಪಂಚಾಂಗ ನೋಡೋಕೆ ಬರುತ್ತೇನಮ್ಮ?" ಎಂದೆ.

"ನಿನಗೆ ಬರಾಕಿಲ್ಲ, ನಂಗೊತ್ತು" ಎಂದಳು ಅಮ್ಮ. "ನಿಮ್ಮಪ್ಪನ ಕಣ್ಣಿಗೆ ಆಷಾಢದಾಗೆ ಆಪರೇಷನ್ ಮಾಡ್ಸಿದ್ದು ಯಾರು? ನೀನೇ ಅಲ್ವಾ? ಏನಾತು?"

ತೊಂಬತ್ತರ ದಶಕದ ಒಂದು ಆಷಾಢದಲ್ಲಿ ಅಪ್ಪನ ಪೊರೆ ತೆಗೆಸಿದ್ದೆವು. ಸೋಂಕಾಗಿ ಆ ಕಣ್ಣೇ ಹೋಯಿತು. ಸೋಂಕು ತಿಂಗಳು ನೋಡಿ ಬರುವುದಿಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಅಪ್ಪ ಸಾಯುವವರೆಗೆ ಆ ಕಣ್ಣನ್ನು ದಿನಾ ಒರೆಸಿದವಳು ಅಮ್ಮ, ನಾನಲ್ಲ. ಮಂಜ ಇಬ್ಬರ ಮುಖವನ್ನೂ ನೋಡಿ, "ಎರಡ್ ತಿಂಗ್ಳು ತಾನೇ ಅಕ್ಕ" ಎಂದ. ಗೀತಾ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ, ನಾನೂ ಸೇರಿ.

ಆಷಾಢದ ಗಾಳಿ ಶುರುವಾಯಿತು. ತೆಂಗಿನ ಗರಿಗಳು ಹಗಲೂ ರಾತ್ರಿ ಬಡಿದಾಡುತ್ತಿದ್ದವು. ಹೆಂಚಿನ ಮೇಲೆ ಕಾಯಿ ಬಿದ್ದರೆ ನಾವೆಲ್ಲ ಬೆಚ್ಚುತ್ತಿದ್ದೆವು, ಸಿಂಚನ ಒಬ್ಬಳು ನೆಮ್ಮದಿಯಾಗಿ ಮಲಗಿರುತ್ತಿದ್ದಳು. ಅದಕ್ಕಿಂತ ಭಯವಾಗುತ್ತಿದ್ದುದು ಅವಳ ಮಾತಿನದು. ಪ್ರತಿ ಶನಿವಾರ ಹೋದಾಗಲೂ ಒಂದಷ್ಟು ಮಾತು ಕಮ್ಮಿಯಾಗಿರುತ್ತಿತ್ತು. ಮೊದಲು ಮಾತಿನ ತುದಿಗಳು ಸವೆದವು, ಆಮೇಲೆ ಅಕ್ಷರಗಳು ಒಂದರೊಳಗೊಂದು ಕಲಸಿಕೊಂಡವು. "ಅತ್ತೆ ಬಂತು" ಎನ್ನುತ್ತಿದ್ದವಳು "ಅಯ್ಯೆ ಅಂಉ" ಎಂದಳು. ಮುಂದಿನ ವಾರ ಬರೀ ಕೈ ತೋರಿಸಿದಳು. ತನ್ನ ದನಿ ತನಗೇ ಕೇಳದಿದ್ದರೆ ಮಗು ಮಾತನ್ನು ಎಷ್ಟು ದಿನ ಹಿಡಿದಿಟ್ಟುಕೊಂಡೀತು? ನಾನು ತರಗತಿಯಲ್ಲಿ ಶಬ್ದದ ಪಾಠ ಮಾಡುತ್ತ ಅರ್ಧಕ್ಕೆ ನಿಲ್ಲಿಸಿ, ಮಕ್ಕಳಿಗೆ ಓದಿಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತದ್ದಿದೆ.

ಆಷಾಢ ಅರ್ಧ ದಾಟಿದ ಮೇಲೆ ಒಂದು ದಿನ ಗೀತಾ ಫೋನ್ ಮಾಡಿದಳು. ಹಿಂದೆ ಬಸ್ಸುಗಳ ಸದ್ದಿತ್ತು. ಗುಬ್ಬಿ ಬಸ್ ಸ್ಟ್ಯಾಂಡಿನ ಬೂತಿನಿಂದ ಇರಬೇಕು. "ಅತ್ಗೆ, ನಾನು ಆಷಾಢಕ್ಕೆ ತೌರಿಗೆ ಹೊರಟಿದೀನಿ" ಎಂದಳು. ಮದುವೆಯಾದ ಮೊದಲ ವರ್ಷ ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗುವುದುಂಟು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು. ಇವಳು ಮದುವೆಯಾಗಿ ಐದು ವರ್ಷವಾಗಿತ್ತು. ನನಗೆ ಅರ್ಥವಾಗಲಿಲ್ಲ. "ಏನು, ಜಗಳ ಆಯ್ತಾ?" ಎಂದೆ. "ಇಲ್ಲ ಅತ್ಗೆ. ಅಮೃತೂರಿಂದ ಬೆಂಗ್ಳೂರಿಗೆ ಹೋಗಾಕೆ ಯಾರ್ನೂ ಕೇಳಂಗಿಲ್ಲ. ಬುಧವಾರ ಎಂಆರ್‌ಐಗೆ ಬರೆಸಿವ್ನಿ. ನೀವು ಕುಣಿಗಲ್ ಬಸ್ ಸ್ಟ್ಯಾಂಡಿಗೆ ಬರ್ತೀರಾ?" ಮಾತೇ ಆಡದ ಹುಡುಗಿ ಆಷಾಢದ ಸಂಪ್ರದಾಯವನ್ನೇ ಹಿಡಿದು ಆಷಾಢವನ್ನು ದಾಟಲು ಹೊರಟಿದ್ದಳು. ಮಂಜನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಶಿಫ್ಟಿಗೆ ಹೋದ.

ಬುಧವಾರ ಬೆಳಿಗ್ಗೆ ಕುಣಿಗಲ್ಲಿನಲ್ಲಿ ಸೋನೆ ಹಿಡಿದಿತ್ತು. ಅಮೃತೂರಿನ ಪ್ರೈವೇಟ್ ಬಸ್ಸಿನಿಂದ ಗೀತಾ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದಳು. ಬೆಂಗಳೂರಿನವರೆಗೂ ನಾವಿಬ್ಬರೂ ಮಗುವನ್ನು ಕಚಗುಳಿಯಿಟ್ಟು, ಕಿಟಕಿಯಾಚೆ ಹಸು ತೋರಿಸಿ, ಕೆನ್ನೆಗೆ ತಣ್ಣೀರು ಹಚ್ಚಿ ಎಚ್ಚರವಾಗಿಟ್ಟೆವು. ಹಸಿವಿಗೆ ಅತ್ತಳು. ಎದುರು ಸೀಟಿನ ಹೆಂಗಸು ಬಾಳೆಹಣ್ಣು ಕೊಡಲು ಬಂದರೆ ಗೀತಾ ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದು "ಬ್ಯಾಡಿ, ದಯವಿಟ್ಟು" ಎಂದಳು. ಆ ಹೆಂಗಸು ನಮ್ಮನ್ನು ರಾಕ್ಷಸಿಯರನ್ನು ನೋಡಿದ ಹಾಗೆ ನೋಡಿದಳು.

ಎಂಆರ್‌ಐ ಕೋಣೆಗೆ ಲೋಹ ತೊಟ್ಟವರು ಹೋಗುವಂತಿಲ್ಲ. ಗೀತಾ ತಾಳಿ ತೆಗೆಯಲು ಕೈ ಹಾಕಿ ಹಾಗೇ ನಿಂತಳು. "ನಾನು ಹೋಗ್ತೀನಿ ಬಿಡು" ಎಂದೆ. ಕಳಚಿಡಲು ನನ್ನಲ್ಲಿ ಒಂದು ಕೈಗಡಿಯಾರ ಬಿಟ್ಟರೆ ಬೇರೇನಿರಲಿಲ್ಲ. ಮಗುವಿನ ಕಿವಿಯಲ್ಲಿದ್ದ ಬೇವಿನ ಕಡ್ಡಿಯನ್ನು ನೋಡಿ ಅಲ್ಲಿಯ ಹುಡುಗ, "ಇದೇನ್ ಮೇಡಂ?" ಎಂದ. ಲೋಹವಲ್ಲವಲ್ಲ, ಇರಲಿ ಎಂದು ಬಿಟ್ಟ. ಮಿಷನ್ನು ಶುರುವಾದಾಗ ನನ್ನ ಕಿವಿಗೆ ಹತ್ತಿ ತುರುಕಿದ್ದರೂ ಎದೆ ಅದುರುವಷ್ಟು ಸದ್ದು. ತಗಡಿನ ಮೇಲೆ ಸುತ್ತಿಗೆ ಬಡಿದ ಹಾಗೆ. ಆ ಕೊಳವೆಯೊಳಗೆ ಮಲಗಿದ ಮಗು ಒಂದು ಸಲವೂ ಬೆಚ್ಚಲಿಲ್ಲ. ಅವಳು ಎಚ್ಚರವಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ನಾನೇ, ಅವಳು ಬೆಚ್ಚಲಿಲ್ಲವಲ್ಲ ಎಂದು ಕಣ್ಣೀರು ಹಾಕಿದವಳೂ ನಾನೇ.

ಫಿಲ್ಮು ಕೈಗೆ ಸಿಕ್ಕಾಗ ಸರ್ಜನ್ ಮೇಡಂ ಇನ್ನೂ ಬಂದಿರಲಿಲ್ಲ. ಕಾರಿಡಾರಿನ ಕಿಟಕಿಗೆ ಹಿಡಿದು ನಾವೇ ನೋಡಿದೆವು. ವಿಜ್ಞಾನದ ಮೇಡಂ ಅಲ್ಲವೇ ನಾನು, ತುಮಕೂರಿನ ಡಾಕ್ಟರು ಹೇಳಿಕೊಟ್ಟ ಪಾಠ ನೆನಪಿತ್ತು. ಬಲಗಡೆ ಕಪ್ಪು. ಎಡಗಡೆ ಪುಟ್ಟದೊಂದು ಬಿಳಿ ಸುರುಳಿ. "ಎಡಗಿವಿ ಮುಚ್ಚಿದೆ ಗೀತಾ" ಎಂದೆ. "ಬಲಗಡೆ ತೆರೆದಿದೆ ನೋಡು." ಅವಳು ಬಲಗಡೆಯ ಆ ಕಪ್ಪಿನ ಮೇಲೆ ಬೆರಳಿಟ್ಟು, "ಒಂದಾದ್ರೂ ಐತಲ್ಲ ಅತ್ಗೆ" ಎಂದಳು. ಮಲಗಿದ್ದ ಮಗುವಿನ ಬಲಗಿವಿಯನ್ನು ಮುಟ್ಟಿ ಮುಟ್ಟಿ ನೋಡಿದಳು.

ಸರ್ಜನ್ ಮೇಡಂ ಬಂದು ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿ ಒಂದೊಂದೇ ಚಿತ್ರವನ್ನು ನೋಡಿದರು. ಆಮೇಲೆ, "ಬಲಗಿವಿ ಹೋಗಿದೆ" ಎಂದರು.

"ಬಲಗಡೆ ಕಪ್ಪಗಿದೆಯಲ್ಲ ಮೇಡಂ" ಎಂದೆ ನಾನು.

"ಇದು ಎಂಆರ್‌ಐ. ಇದ್ರಲ್ಲಿ ಉಲ್ಟಾ. ಇಲ್ಲಿ ನೀರು ಬೆಳ್ಳಗೆ ಕಾಣುತ್ತೆ. ಬಲಗಡೆ ನೀರೇ ಇಲ್ಲ, ಅದಕ್ಕೇ ಕಪ್ಪು. ಎಡಗಡೆ ಸುರುಳಿ ಇನ್ನೂ ಬೆಳ್ಳಗಿದೆ." ಪೆನ್ನಿನ ತುದಿಯನ್ನು ಎಡ ಸುರುಳಿಯ ಬಾಯಿಗೆ ತಂದರು. ಅಲ್ಲಿ ಬಿಳುಪು ಒಂದಿಷ್ಟು ಕಡಿದುಹೋಗಿತ್ತು. "ಇಲ್ಲೂ ಕಟ್ಟೋಕೆ ಶುರುವಾಗಿದೆ. ಬಾಯಲ್ಲಿ ಮಾತ್ರ. ಇದರಾಚೆ ಜಾಗ ಇದೆ, ಇವತ್ತು ಇದೆ. ಯಾವಾಗ ಅಡ್ಮಿಟ್ ಮಾಡ್ತೀರಾ?"

ಗೀತಾ ನನ್ನ ಕೈ ಹಿಡಿದುಕೊಂಡಳು. ನಮ್ಮ ಪಾಡಿಗೆ ಬಿಟ್ಟಿದ್ದರೆ ನಾವು ಆರಿಸುತ್ತಿದ್ದುದು ಸತ್ತ ಕಿವಿಯನ್ನು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಕೇಳಿದಳು, "ಈಗ ಅತ್ತೆಗೆ ಯಾರು ಹೇಳಾದು?"

ಹೇಳಿದ್ದು ನಾನೇ. ಮಾರನೆಯ ದಿನ ರಜೆ ಹಾಕಿ, ಗೀತಾಳನ್ನೂ ಮಗುವನ್ನೂ ಕರೆದುಕೊಂಡು ಗುಬ್ಬಿಗೆ ಹೋದೆ. ಮಂಜ ಶಿಫ್ಟು ತಪ್ಪಿಸಿ ಮನೆಯಲ್ಲೇ ಇದ್ದ. ಅಮ್ಮ ಪಡಸಾಲೆಯಲ್ಲಿ ಕಾಯಿ ವಿಂಗಡಿಸುತ್ತಿದ್ದಳು. ಹೊರಗೆ ಗಾಳಿ ಹುಚ್ಚೆದ್ದಿತ್ತು. ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಜಗಳದ ಮಾತು. ಹೊಸಿಲು ದಾಟುತ್ತಲೇ, "ಅಮ್ಮ, ನಿನ್ನ ಆಷಾಢ ಮಗುವಿನ ಒಂದು ಕಿವಿ ತಿಂದಾಯ್ತು" ಎಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಅಮ್ಮ ಎದ್ದು ಬಂದು ನನಗೆ ಬಾರಿಸುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ. "ಐದು ವರ್ಷ ಆದ್ಮ್ಯಾಲೆ ಆಷಾಢಕ್ಕೆ ತೌರಿಗೆ ಹೋಗೋ ಸೊಸೇನ ನಾ ಕಂಡಿಲ್ಲ ಕಣೇ" ಎಂದಳು, ಗೀತಾಳ ಕಡೆ ನೋಡುತ್ತ. "ಅವತ್ತೇ ಗೊತ್ತಾತು. ತಡೀನಿಲ್ಲ, ಅಲ್ವಾ? ಏನ್ ಬಂತು ಫೋಟದಾಗೆ, ತೋರ್ಸು."

ನಾನು ಫಿಲ್ಮನ್ನು ಕಿಟಕಿಗೆ ಹಿಡಿದೆ. ಗಾಳಿಗೆ ಅದು ಪಟಪಟ ಬಡಿಯಿತು, ಮಂಜ ಬಂದು ಇನ್ನೊಂದು ತುದಿ ಹಿಡಿದುಕೊಂಡ. ಸುರುಳಿ, ದ್ರವ, ಮೂಳೆ ಎಂದು ಪಾಠ ಶುರುಮಾಡಿದೆ. ಅಮ್ಮ ಕೈಯೆತ್ತಿ ನಿಲ್ಲಿಸಿದಳು.

"ಅದೆಲ್ಲ ಬ್ಯಾಡ. ಯಾವುದು ನೀರಂತೆ, ಯಾವುದು ಗಿಟಕಂತೆ?"

ನಾನು ಫಿಲ್ಮಿನ ಮೇಲೆ ಬೆರಳಿಟ್ಟೆ. "ಬಲಗಡೆ ಗಿಟಕು" ಎಂದೆ. "ಎಡಗಡೆ ಇನ್ನೂ ನೀರಿದೆ. ಇಂಗೋಕೆ ಶುರುವಾಗಿದೆ."

ಅಮ್ಮನ ಮಡಿಲಲ್ಲಿ ಒಂದು ಕಾಯಿಯಿತ್ತು. ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು, ಅಭ್ಯಾಸಬಲಕ್ಕೆ. ನೀರು ಕುಲುಕಿತು. ಕಾಯಿಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. ಎಷ್ಟು ಕಾಯಿಗಳಲ್ಲಿ ನೀರು ಇಂಗುವುದನ್ನು ಅವಳು ಕಾದಿದ್ದಳು! ಇಂಗಿದ ನೀರು ಮತ್ತೆ ಬರುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅಪ್ಪನ ಕಣ್ಣೂ ಅವಳ ಮುಂದಿತ್ತು. ಅಮ್ಮ ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ.

"ಯಾವತ್ತು ಬಾ ಅಂದವ್ರೆ?" ಎಂದಳು.

"ಮುಂದಿನ ವಾರ" ಎಂದಳು ಗೀತಾ. "ಅಧಿಕ ಬಂದಿರ್ತದೆ ಅತ್ತೆ."

ಅಮ್ಮ ಮಡಿಲಿನ ಕಾಯಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ, ಯಾರಿಗೋ ಲೆಕ್ಕ ಒಪ್ಪಿಸುವವಳ ಹಾಗೆ, ನಿಧಾನವಾಗಿ ಹೇಳಿದಳು. "ಅಧಿಕದಾಗೆ ಮದ್ವೆ ಮಾಡಬಾರ್ದು, ಹೊಸ ಮನೆಗೆ ಹೋಗಬಾರ್ದು. ದಾನ ಕೊಡಬೋದು. ದಾನ ಕೊಡಾಕೆ ಅಧಿಕಕ್ಕಿಂತ ಒಳ್ಳೆ ತಿಂಗಳು ಇಲ್ಲ. ಇದೂ ಕೊಡಾದೇ ಅಲ್ವೇನ್ಲಾ ಮಂಜ? ಕಿವಿ ಕೊಡ್ತಿದೀವಿ ಮಗೀಗೆ. ನಡೀರಿ." ಮಂಜ ಫಿಲ್ಮು ಹಿಡಿದುಕೊಂಡೇ ಅತ್ತುಬಿಟ್ಟ.

ಆಪರೇಷನ್ನಿನ ದಿನ ಅಮ್ಮನೂ ಬೆಂಗಳೂರ ಆಸ್ಪತ್ರೆಗೆ ಬಂದಳು, ಅರಿಸಿನದ ಕವರು ಕಂಕುಳಲ್ಲಿಟ್ಟುಕೊಂಡು. ಸರ್ಜನ್ ಮೇಡಂ ಎರಡೂ ಸ್ಕ್ಯಾನುಗಳನ್ನು ಪಕ್ಕಪಕ್ಕ ಹಾಕಿ ಮತ್ತೊಮ್ಮೆ ನೋಡಿದರು. ಸಿಟಿಯಲ್ಲಿ ಎಡಗಿವಿಯ ಹಿಂದಿನ ಮೂಳೆಯನ್ನೂ, ಅದರೊಳಗೆ ಹಾದುಹೋಗುವ ಮುಖದ ನರವನ್ನೂ ತೋರಿಸಿದರು. "ನಾನು ಕೊರೆಯೋದು ಈ ನರದ ಪಕ್ಕದಲ್ಲೇ. ಅದಕ್ಕೆ ತಾಗಿದ್ರೆ ಬಾಯಿ ಸೊಟ್ಟ ಆಗುತ್ತೆ. ಅದು ಎಲ್ಲಿದೆ ಅಂತ ಇಲ್ಲಿ ಕಾಣ್ತಿದೆ. ಸುರುಳಿ ಬಾಯಲ್ಲಿ ಕಟ್ಟಿರೋದನ್ನ ಕೊರೆದು ಆಚೆ ಹೋಗ್ಬೇಕು. ಆಚೆ ಜಾಗ ಸಿಕ್ರೆ ಗೆದ್ವಿ" ಎಂದರು. ಸಿಗದಿದ್ದರೆ ಎಂದು ನಾವು ಕೇಳಲಿಲ್ಲ. ಎಂಆರ್‌ಐ ತೆಗೆಸಿ ಆಗಲೇ ಒಂದು ವಾರ ಕಳೆದಿತ್ತು. ಆ ಚಿತ್ರವೂ ಹಳೆಯದಾಗಿದೆ ಎಂದು ನನ್ನ ತಲೆಯೊಳಗೆ ಯಾರೋ ಹೇಳುತ್ತಲೇ ಇದ್ದರು.

ಬೆಳಿಗ್ಗೆ ಒಳಗೆ ಕರೆದೊಯ್ದರು. ಊಟದ ಹೊತ್ತು ಮೀರಿತು. ಮಂಜ ಕಾರಿಡಾರಿನಲ್ಲಿ ಆ ತುದಿಗೂ ಈ ತುದಿಗೂ ನಡೆದ. ಗೀತಾ ಮಗುವಿನ ಬೇವಿನ ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಅಮ್ಮ ಯಾವ ದೇವರ ಹೆಸರನ್ನೂ ಹೇಳಲಿಲ್ಲ, ಕಣ್ಣು ಮಾತ್ರ ಬಾಗಿಲಿನಿಂದ ಕದಲಲಿಲ್ಲ. ಹೇಳಿದ ಹೊತ್ತಿಗಿಂತ ಬಹಳ ತಡವಾಗಿ ಸರ್ಜನ್ ಮೇಡಂ ಹೊರಗೆ ಬಂದರು. ಕ್ಯಾಪು ತೆಗೆದು ಹಣೆ ಒರೆಸಿಕೊಂಡರು.

"ಫಿಲ್ಮಲ್ಲಿ ಇದ್ದ ಹಾಗೇ ಇತ್ತು. ಬಾಯಿ ಕಟ್ಟಿತ್ತು, ಸ್ಕ್ಯಾನಲ್ಲಿ ಕಂಡಿದ್ದಕ್ಕಿಂತ ಸ್ವಲ್ಪ ಜಾಸ್ತೀನೇ. ಕೊರೆದೆ. ಆಚೆ ನೀರಿತ್ತು. ತಂತಿ ಪೂರ್ತಿ ಹೋಗಿದೆ."

"ಮುಖ?" ಎಂದಳು ಗೀತಾ.

"ಮುಖ ಚೆನ್ನಾಗಿದೆ."

ಅಮ್ಮ ಸರ್ಜನ್ ಮೇಡಂನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವರಿಗೆ ಸಂಕೋಚವಾಯಿತು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಗಾಯ ಮಾಗಿ, ಕಿವಿಯ ಹಿಂದಿನ ಮಿಷನ್ನಿಗೆ ಜೀವ ಕೊಟ್ಟದ್ದು ನಿಜ ಶ್ರಾವಣದಲ್ಲಿ. ಅಮ್ಮನ ಪಂಚಾಂಗ ಹೇಳಿದ ದಿನಗಳಲ್ಲೇ ಬಂತು, ಯಾರೂ ನೋಡಿ ಇಟ್ಟದ್ದಲ್ಲ. ಅವತ್ತು ನಾವು ಕಾಯುತ್ತಿದ್ದ ಪವಾಡವೇನೂ ಆಗಲಿಲ್ಲ. ಮೊದಲ ಸದ್ದಿಗೆ ಸಿಂಚನ ಬೆಚ್ಚಿ ಚೀರಿ, ಮಿಷನ್ನನ್ನು ಕಿತ್ತು ಎಸೆದಳು. ಆಮೇಲಿನ ತಿಂಗಳುಗಳು ಬರೀ ಅಭ್ಯಾಸ. ಗೀತಾ ದಿನವಿಡೀ ಕನ್ನಡಿಯ ಮುಂದೆ ಕೂತು ಒಂದೊಂದೇ ಮಾತನ್ನು ವಾಪಸು ಕಲಿಸಿದಳು. ಮಾತು ಬಾರದವಳೆಂದು ನಾವು ತಿಳಿದಿದ್ದ ಗೀತಾ ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡಳು. ಅಮ್ಮ ಮಾತ್ರ ಅಟ್ಟದ ಕಡೆ ಹೋಗುವುದನ್ನೇ ಬಿಟ್ಟಿದ್ದಳು. ಕಾಯಿ ಇಳಿಸಮ್ಮ ಎಂದು ನಾನೇ ಒಮ್ಮೆ ಹೇಳಿದ್ದಕ್ಕೆ "ಮಗಾ ಮತ್ತೆ ಅಂಗೇ ಅಂದ್ರೆ?" ಎಂದಳು.

ಕಾರ್ತಿಕದಲ್ಲಿ ಇಳಿಸಿದಳು. ಆ ಶನಿವಾರವೂ ನಾನಿದ್ದೆ. ಗಾಳಿ ಪೂರ್ತಿ ನಿಂತಿತ್ತು. ಸಿಂಚನ ತಾನಾಗಿ ಬಂದು ಅಜ್ಜಿಯ ಪಕ್ಕ ಕೂತು ಒಂದು ಕಾಯಿ ತೆಗೆದಳು. ಗೀತಾ ಬಾಗಿಲಲ್ಲಿ ನಿಂತಳು, ಮಂಜ ಶೇವ್ ಮಾಡಿಕೊಳ್ಳುತ್ತಿದ್ದವನು ಅರ್ಧ ನೊರೆಯಲ್ಲೇ ಬಂದ. ಮಗು ಹಳೇ ಅಭ್ಯಾಸದಂತೆ ಕಾಯಿಯನ್ನು ಬಲಗಿವಿಗೊತ್ತಿ ಅಲ್ಲಾಡಿಸಿತು. ಮುಖ ಬಾಡಿತು. ಕಾಯಿಯನ್ನು ಕೆಳಗಿಡಲು ಹೊರಟಿತು. ಅಮ್ಮ ಆ ಪುಟ್ಟ ಕೈಗಳನ್ನು ಕಾಯಿಯ ಸಮೇತ ಹಿಡಿದು, ಮೆಲ್ಲಗೆ ಎಡಗಡೆಗೆ ತಂದಳು.

"ಈ ಕಡೆ ಕಣವ್ವ."

ಸಿಂಚನ ಅಲ್ಲಾಡಿಸಿದಳು. ನಿಲ್ಲಿಸಿದಳು. ಮತ್ತೆ ಅಲ್ಲಾಡಿಸಿದಳು. ಕಣ್ಣು ಅಗಲವಾದವು.

"ಅಜ್ಜಿ, ಮಾತಾಯ್ತದೆ."

ಅಮ್ಮ ಮಗುವಿನ ಮುಖದ ಹತ್ತಿರ ಬಾಗಿ ಕೇಳಿದಳು. "ಏನಂತೆ?"

ಮಗು ಹಣೆ ಗಂಟಿಕ್ಕಿ ಇನ್ನೊಂದು ಸಲ ಅಲ್ಲಾಡಿಸಿ, ಗಂಭೀರವಾಗಿ ಹೇಳಿತು.

"ನೀಯಂತೆ."